ಯೂನಿಯನ್ ಹಾಕಿದ್ದು ಯಾರು

ನಾನು ಮಕ್ಕಳ ಹಾಲಿನ ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆಂದು ನಮ್ಮ ಅತ್ತೆ ಬಹಳ ಕಾಲ ನಂಬಿದ್ದರು. ತಪ್ಪು ನನ್ನದೇ. ಒಂದು ಭಾನುವಾರ ಅಡುಗೆಮನೆಯಲ್ಲಿ ನಿಂತು ಯಾರೋ ಗಿರಾಕಿಗೆ ಫೋನಿನಲ್ಲಿ ನಮ್ಮ ಜಾಲತಾಣ ತೋರಿಸಿಕೊಡುತ್ತಿದ್ದೆ. "ಮೊದಲು ನಿಪ್ಪಲ್ ಅಂತಿದೆಯಲ್ಲ ಸಾರ್, ಅದನ್ನ ಒತ್ತಿ. ಉಕ್ಕಿಂದು ಬೇಕೋ, ಹಿತ್ತಾಳೇದೋ?" ಎಂದು ಕೇಳಿದ್ದು ಸೊಪ್ಪು ಸೋಸುತ್ತಿದ್ದ ಅತ್ತೆಯ ಕಿವಿಗೆ ಬಿತ್ತು. ಫೋನ್ ಇಟ್ಟೊಡನೆ ಅವರು ಗಾಬರಿಯಿಂದ ಕೇಳಿದರು.

"ಅಲ್ಲ ಕಣವ್ವ, ಕಬ್ಬಿಣದ ನಿಪ್ಪಲ್ ಕಚ್ಚುದ್ರೆ ಮಗೀನ ಬಾಯಿ ಏನಾಗ್ಬೇಕು?"

ಪೈಪಿಗೆ ಹಾಕುವುದು ಎಂದು ವಿವರಿಸಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಪೀಣ್ಯದ ಒಂದು ಒಳರಸ್ತೆಯಲ್ಲಿ ನಮ್ಮ ಕಾರ್ಖಾನೆ. ಎಣ್ಣೆ, ನೀರು, ಗಾಳಿ ಒತ್ತಡದಲ್ಲಿ ಹರಿಯುವ ಪೈಪುಗಳನ್ನು ಒಂದಕ್ಕೊಂದು ಜೋಡಿಸುವ ಬಿಡಿಭಾಗಗಳನ್ನು ಅಲ್ಲಿ ಮಾಡುತ್ತಾರೆ. ಎರಡೂ ತುದಿಗೆ ಥ್ರೆಡ್, ಅಂದರೆ ತಿರುಪಿನ ಗೀರು, ಹಾಕಿದ ಗಿಡ್ಡ ತುಂಡು ನಿಪ್ಪಲ್. ಒಳಗೆ ಹೋಗುವ ತುದಿ ಮೇಲ್, ಒಳಗೆ ತೆಗೆದುಕೊಳ್ಳುವ ತುದಿ ಫೀಮೇಲ್. ಪೈಪನ್ನು ಕೊಯ್ಯದೆ ನಡುವೆಯೇ ಬಿಚ್ಚಿ ಮತ್ತೆ ಕೂಡಿಸಲು ಬರುವ ಜೋಡಣೆಗೆ ಯೂನಿಯನ್ ಎಂದು ಹೆಸರು. ಒತ್ತಡ ಅಳೆಯುವ ಲೆಕ್ಕ ಬಾರ್‌ನಲ್ಲಿ, ಲಾರಿಯಲ್ಲಿ ಬಂದಿಳಿಯುವ ಕಚ್ಚಾ ಮಾಲಿನ ಸರಳೂ ಬಾರ್. ಈ ಮಾತುಗಳನ್ನು ಇಡೀ ದಿನ ಎಲ್ಲರೂ ಕೂಗಾಡುತ್ತಲೇ ಇರುತ್ತಾರೆ. ಪ್ಯಾಕಿಂಗ್ ವಿಭಾಗದ ಹೆಂಗಸರು, ಲೇತ್ ಮೇಲಿನ ಗಂಡಸರು, ಗೇಟಿನ ಕಾವಲುಗಾರ, ಯಾರಿಗೂ ಅದರಲ್ಲಿ ಬೇರೆ ಅರ್ಥ ಕಂಡಿರಲಿಲ್ಲ. ಕಂಡದ್ದು ನಮ್ಮ ಜನರಲ್ ಮ್ಯಾನೇಜರರಿಗೆ ಮಾತ್ರ.

ನಾನು ಅಲ್ಲಿ ಕಂಪ್ಯೂಟರ್ ವಿಭಾಗ. ವಿಭಾಗದಲ್ಲಿ ಇದ್ದೇನೆ ಎನ್ನುವುದಕ್ಕಿಂತ ನಾನೇ ಆ ವಿಭಾಗ ಎನ್ನುವುದು ಸರಿ. ಸರ್ವರ್, ಪ್ರಿಂಟರ್, ಹಾಜರಿ ಹಾಕುವ ಬೆರಳಚ್ಚಿನ ಯಂತ್ರ, ಯಜಮಾನರ ಕೋಣೆಯ ಟಿವಿ, ಎಲ್ಲ ನನ್ನ ಪಾಲು. ಎಲ್ಲರೂ 'ಸಿಸ್ಟಂ ಮೇಡಂ' ಎನ್ನುತ್ತಾರೆ. ಫ್ಯಾನ್ ತಿರುಗದಿದ್ದರೂ ನನ್ನನ್ನೇ ಕರೆಯುತ್ತಾರೆ, ಅದಕ್ಕೂ ವಯರು ಇದೆ ಎಂಬ ಕಾರಣಕ್ಕೆ.

ಎಲ್ಲ ಶುರುವಾದದ್ದು ಒಂದು ವಿಡಿಯೊ ಕರೆಯಿಂದ. ಹೊರದೇಶದ ಗಿರಾಕಿಯ ಜೊತೆ ದೊಡ್ಡ ಯಜಮಾನರು ಮಾತನಾಡುತ್ತಿದ್ದಾಗ ಪರದೆಯ ಮೇಲೆ ಅವರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ಆ ಕಡೆಯವರು ಬಹಳ ಹೊತ್ತು ಅದನ್ನು ನೋಡುತ್ತಾ ಕಾದರಂತೆ. ಸಂಜೆ ಯಜಮಾನರು ಇಂಟರ್ನೆಟ್ ಏಕೆ ನಿಧಾನ ಎಂದು ಕೇಳಿದರು. ಅವರ ಮಗ, ಚಿಕ್ಕ ಯಜಮಾನರು, ತಮ್ಮ ಮದುವೆಯ ವಿಡಿಯೊಗಳನ್ನೆಲ್ಲ ಆಫೀಸಿನ ಕಂಪ್ಯೂಟರಿನಿಂದ ಇಂಟರ್ನೆಟ್ಟಿಗೆ ಏರಿಸುತ್ತಿದ್ದುದೇ ಕಾರಣ. ನಾನು ಬಾಯಿ ಬಿಡುವ ಮೊದಲೇ ಜನರಲ್ ಮ್ಯಾನೇಜರರು ಹೇಳಿದರು. "ವರ್ಕರ್ಸು ಸಾರ್. ಕೆಟ್ಟದ್ದೆಲ್ಲ ನೋಡ್ತಾರೆ. ಒಂದು ಫಿಲ್ಟರ್ ಹಾಕ್ಬಿಡೋಣ."

ಕೆಲಸಗಾರರ ಕೈಗೆ ಸಿಗುವ ಕಂಪ್ಯೂಟರ್ ಇಡೀ ಕಾರ್ಖಾನೆಯಲ್ಲಿ ಒಂದೇ ಒಂದು. ಅದು ಕ್ಯಾಂಟೀನಿನ ಮೂಲೆಯಲ್ಲಿ, ನೀರಿನ ಫಿಲ್ಟರಿನ ಪಕ್ಕದಲ್ಲಿದೆ. ಸಂಬಳದ ಚೀಟಿ ನೋಡಲು, ರಜೆ ಹಾಕಲು ಇಟ್ಟದ್ದು. ಅದರ ಮುಂದೆ ಸದಾ ತಟ್ಟೆ ಹಿಡಿದವರ ಸಾಲು. ಅಲ್ಲಿ ಕುಳಿತು ಕೆಟ್ಟದ್ದನ್ನು ನೋಡುವ ಧೈರ್ಯವಿದ್ದವನು ಪೀಣ್ಯದಲ್ಲಿ ಥ್ರೆಡ್ ಹಾಕುತ್ತಾ ಕೂರಬೇಕಾಗಿಲ್ಲ.

ಆದರೂ ಹಾಕಿದೆ. ನನ್ನ ಕೋಣೆಯ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ, ಎಲ್ಲರ ಇಂಟರ್ನೆಟ್ಟೂ ಅದರ ಮೂಲಕವೇ ಹಾದುಹೋಗುವಂತೆ ಮಾಡಿದೆ. ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಯಾರು ಯಾವ ಪುಟ ಕೇಳಿದರೂ ಅದು ಮೊದಲು ತನ್ನ ನಿಯಮಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದುತ್ತದೆ. ಯಾವ ನಿಯಮ ಮೊದಲು ಹೊಂದುತ್ತದೆಯೋ ಅದರ ಪ್ರಕಾರ ಬಿಡುತ್ತದೆ, ಇಲ್ಲವೇ ತಡೆಯುತ್ತದೆ. ಅಲ್ಲಿಗೆ ಅದರ ಓದು ಮುಗಿಯಿತು. ಕೆಳಗೆ ಏನು ಬರೆದಿದ್ದರೂ ನೋಡುವುದಿಲ್ಲ.

ಯಾವ ಪದಗಳನ್ನು ತಡೆಯಬೇಕೆಂದು ಜನರಲ್ ಮ್ಯಾನೇಜರರನ್ನು ಕೇಳಿದೆ. ಅವರು ನನ್ನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದರು.

"ಅದೇ ಅಮ್ಮಾ... ಆ ಥರದ್ದು."

"ಯಾವ ಥರದ್ದು ಸಾರ್? ಅದಕ್ಕೆ ಪದ ಬರೆದುಕೊಡ್ಬೇಕು. ಸುಮ್ನೆ ಆ ಥರದ್ದು ಅಂದ್ರೆ ಗೊತ್ತಾಗಲ್ಲ."

"ಹೆಣ್ಮಗಳು ನೀವು. ನಿಮ್ ಹತ್ರ ನಾನ್ ಹೆಂಗ್ ಹೇಳ್ಲಿ?"

ಕೊನೆಗೆ ಅವರು ಇಂಟರ್ನೆಟ್ಟಿನಲ್ಲೇ ಹುಡುಕಿ, ಯಾವುದೋ ದೇಶದ ಯಾವುದೋ ಶಾಲೆಗೆ ಮಾಡಿದ್ದ ತಡೆಪದಗಳನ್ನು ನನಗೆ ಕಳುಹಿಸಿದರು. ಹೆಂಗಸಿನ ಎದೆಗೆ ಸಂಬಂಧಿಸಿದ್ದು, ಕುಡಿತಕ್ಕೆ ಸಂಬಂಧಿಸಿದ್ದು, ಜೂಜು ಎಲ್ಲ ಇತ್ತು. ನಿಪ್ಪಲ್ ಇತ್ತು. ಫೀಮೇಲ್ ಇತ್ತು. ಬಾರ್ ಇತ್ತು. ನಾನು ಅವರ ಕೋಣೆಗೆ ಹೋಗಿ, "ಸಾರ್, ಇದರಲ್ಲಿ ಅರ್ಧ ನಮ್ಮ ಮಾಲಿನ ಹೆಸರು" ಎಂದೆ.

"ನಮ್ಮದು ಬೇರೆ, ಅದು ಬೇರೆ ಅಮ್ಮಾ."

"ನಮಗೆ ಬೇರೆ ಸಾರ್. ಪ್ರಾಕ್ಸಿಗೆ ಎರಡೂ ಒಂದೇ ಸ್ಪೆಲ್ಲಿಂಗು."

"ಹೇಳಿದ್ದಷ್ಟು ಮಾಡಿ. ಹಾಂ, ಇನ್ನೊಂದು ಸೇರಿಸಿ. ಯೂನಿಯನ್." ಈ ಪದ ಹೇಳುವಾಗ ಅವರಿಗೆ ನಾಚಿಕೆಯಾಗಲಿಲ್ಲ. ಪಕ್ಕದ ರಸ್ತೆಯ ಕಾರ್ಖಾನೆಯಲ್ಲಿ ಕೆಲಸಗಾರರು ಸಂಘ ಕಟ್ಟಿ ಗೇಟಿನ ಮುಂದೆ ಬಾವುಟ ನೆಟ್ಟಿದ್ದರು. ಆ ಬಾವುಟ ಕಂಡಂದಿನಿಂದ ಇವರು ಕಾಫಿಗೆ ಸಕ್ಕರೆ ಹಾಕುವುದನ್ನೂ ಮರೆತಿದ್ದರು.

ಯೂನಿಯನ್ ನಾವು ಅತಿ ಹೆಚ್ಚು ಮಾರುವ ಮಾಲು ಎಂದು ನೆನಪಿಸಿದೆ. ಮಾರಲಿ, ಓದುವುದು ಬೇಡ ಎಂದರು.

ನಮ್ಮ ಜಾಲತಾಣ, ಗಿರಾಕಿಗಳ ಜಾಲತಾಣಗಳು, ಇವನ್ನು ಬಿಡು ಎಂದು ಒಂದು ನಿಯಮ ಬರೆದು ಎಲ್ಲಕ್ಕಿಂತ ಮೇಲೆ ಇಟ್ಟೆ. ಅವರು ನನ್ನ ಹಿಂದೆಯೇ ನಿಂತು ಪರದೆ ನೋಡುತ್ತಿದ್ದರು.

"ಇದೇನು ಮೇಲೆ?"

ವಿವರಿಸಿದೆ.

"ಮೊದ್ಲು ಯಜಮಾನರದ್ದು ಬರ್ಬೇಕಲ್ವಾ? ಅವರಿಗೆ ಯಾವುದೂ ತಡೆ ಇರ್ಬಾರ್ದು. ಆಮೇಲೆ ಚಿಕ್ಕ ಯಜಮಾನರು. ಆಮೇಲೆ ನನ್ನದು, ಅದಾದ್ಮೇಲೆ ಸೇಲ್ಸ್ ಹೆಡ್. ಅದರ ಕೆಳಗೆ ತಡೆ. ನಿಮ್ಮದು ಕೆಳಗೆ ಹಾಕಿ."

"ಕೆಳಗೆ ಹಾಕಿದ್ರೆ ಅದು ಕೆಲಸಾನೇ ಮಾಡಲ್ಲ ಸಾರ್. ತಡೆ ಮೊದಲು ಸಿಕ್ಕಿದ್ರೆ ಪ್ರಾಕ್ಸಿ ಅಲ್ಲೇ ನಿಂತ್ಬಿಡುತ್ತೆ."

"ಅಮ್ಮಾ, ಆಮಂತ್ರಣ ಪತ್ರಿಕೇಲಿ ಯಜಮಾನರ ಹೆಸರಿಗಿಂತ ಮೇಲೆ ಗಿರಾಕಿ ಹೆಸರು ಹಾಕ್ತೀವಾ?"

ಇದಕ್ಕೆ ಯಾವ ಕೋರ್ಸಿನಲ್ಲೂ ಉತ್ತರ ಹೇಳಿಕೊಟ್ಟಿರಲಿಲ್ಲ. ಅವರು ಹೇಳಿದ ಸಾಲಿನಲ್ಲೇ ಜೋಡಿಸಿದೆ. ಪುಟದ ವಿಳಾಸ ಮಾತ್ರವಲ್ಲ, ಒಳಗಿನ ಬರಹವನ್ನೂ ಓದಿ ತಡೆಯಬೇಕೆಂದರು, ಅದನ್ನೂ ಮಾಡಿದೆ. ತಡೆದಾಗ ಏನು ಕಾಣಬೇಕು ಎಂಬುದನ್ನು ಅವರೇ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕೆಂಪು ಹಿನ್ನೆಲೆ, ಬಿಳಿ ಅಕ್ಷರ: ಈ ಪುಟ ಕಂಪನಿಯ ನೀತಿಗೆ ವಿರುದ್ಧ, ನಿಮ್ಮ ಪ್ರಯತ್ನ ದಾಖಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಕೆಳಗೆ ಕಾರಣವಾದ ಪದ.

ಮರುದಿನ ಕಾರ್ಖಾನೆ ತನ್ನ ಮಾಲನ್ನು ತಾನೇ ನೋಡಲಾಗದ ಸ್ಥಿತಿಗೆ ಬಂತು. ಮೊದಲ ಫೋನು ಸ್ಟೋರ್ಸಿನಿಂದ. ಉಕ್ಕಿನ ಬಾರ್ ಒದಗಿಸುವವರ ಪುಟ ತೆರೆಯುತ್ತಿಲ್ಲ, ಕುಡಿತದ ಕಾರಣ. ಆಮೇಲೆ ಕ್ವಾಲಿಟಿ ವಿಭಾಗ. ಒತ್ತಡ ಪರೀಕ್ಷಿಸುವ ಯಂತ್ರದ ಕೈಪಿಡಿಯಲ್ಲಿ ಪುಟಕ್ಕೊಂದು ಬಾರ್. ಆಮೇಲೆ ನಮ್ಮ ಮಾರಾಟ ವಿಭಾಗದ ಸಹಾಯಕಿ. ಮಾತಿನಲ್ಲಿ ಚುರುಕು, ದಾಸರಹಳ್ಳಿಯಿಂದ ಮೆಟ್ರೊದಲ್ಲಿ ಬರುವಷ್ಟರಲ್ಲೇ ಅರ್ಧ ಆಫೀಸ್ ಕೆಲಸ ಫೋನಿನಲ್ಲಿ ಮುಗಿಸುವ ಹುಡುಗಿ.

"ಮೇಡಂ, ನಮ್ಮ ವೆಬ್‌ಸೈಟೇ ಓಪನ್ ಆಗ್ತಿಲ್ಲ. ನಾನೇನೋ ಅಶ್ಲೀಲ ನೋಡ್ತಿದ್ದೀನಂತೆ."

"ಯಾವ ಪದ ತೋರಿಸ್ತಿದೆ?"

"ನಿಪ್ಪಲ್. ಅದನ್ನ ಬಿಟ್ಟು ಬೇರೆ ಪುಟಕ್ಕೆ ಹೋದ್ರೆ ಫೀಮೇಲ್. ನಾನು ಫೀಮೇಲೇ ಅಲ್ವಾ ಮೇಡಂ, ನನ್ನನ್ನೂ ತಡೀತಾರಾ?"

ನಾನು ಲಾಗ್ ತೆರೆದೆ. ಪ್ರಾಕ್ಸಿ ಯಾರನ್ನು ಏಕೆ ತಡೆಯಿತೆಂದು ತಾನೇ ಬರೆದಿಡುವ ದಿನಚರಿ ಅದು. ಸಾಲು ಸಾಲಾಗಿ ತಡೆ, ತಡೆ, ತಡೆ. ಬಿಡು ಎಂದು ನಾನು ಬರೆದಿದ್ದ ನಿಯಮ ಕೆಳಗೆ ತನ್ನ ಪಾಡಿಗೆ ತಾನು ಬಿದ್ದಿತ್ತು. ಅದರವರೆಗೆ ಒಂದೇ ಒಂದು ಪುಟವೂ ಬಂದು ತಲುಪಿರಲಿಲ್ಲ. ಜನರಲ್ ಮ್ಯಾನೇಜರರ ಬಳಿ ಹೋದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಜಾಲತಾಣ ತೆರೆದು ತೋರಿಸಿದರು.

"ನೋಡಿ, ನನ್ನಲ್ಲಿ ಬರ್ತಿದೆಯಲ್ಲ!"

"ನಿಮಗೆ ವಿನಾಯಿತಿ ಇದೆ ಸಾರ್."

"ಅದಿರ್ಲಿ. ಬರ್ತಿದೆಯೋ ಇಲ್ವೋ?"

ಬರುತ್ತಿತ್ತು. ಅವರಲ್ಲಿ ಎಲ್ಲವೂ ಬರುತ್ತಿತ್ತು. ಆ ವಾರವೆಲ್ಲ ಯಾರು ದೂರಿದರೂ ಅವರದು ಇದೇ ಪರೀಕ್ಷೆ. ತಮ್ಮಲ್ಲಿ ತೆರೆದು ನೋಡುವುದು, ಬಂದದ್ದನ್ನು ತೋರಿಸುವುದು, ದೂರಿದವರ ಕಂಪ್ಯೂಟರ್ ಕೆಟ್ಟಿದೆ ಎನ್ನುವುದು. ಸ್ವಲ್ಪ ಜೋರಾಗಿ ದೂರಿದವರಿಗೆ ಸುಮ್ಮನಿರಿಸಲು ವಿನಾಯಿತಿ ಕೊಡಿಸುವುದು. ಅಕೌಂಟ್ಸ್ ಮುಖ್ಯಸ್ಥರಿಗೆ ಸಿಕ್ಕಿತು. ಕ್ವಾಲಿಟಿ ಮುಖ್ಯಸ್ಥರಿಗೆ, ಖರೀದಿಯವರಿಗೆ ಸಿಕ್ಕಿತು. ವಿನಾಯಿತಿ ಎಂಬುದು ಕಾರಿನ ಪಾರ್ಕಿಂಗ್ ಜಾಗದಂತೆ ಒಂದು ಅಂತಸ್ತಾಯಿತು. ಊಟದ ಹೊತ್ತಿನಲ್ಲಿ "ನಿಮಗಿನ್ನೂ ಕೊಟ್ಟಿಲ್ವಾ?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಬೆಳಗಿಂದ ಸಂಜೆವರೆಗೆ ಹಾಡು, ಕ್ರಿಕೆಟ್ಟು, ಮನೆ ಸೈಟಿನ ಜಾಹೀರಾತು ನೋಡಲು ಪುರುಸೊತ್ತಿದ್ದವರಿಗೆಲ್ಲ ಬಾಗಿಲು ತೆರೆಯಿತು. ಕೆಲಸಕ್ಕಾಗಿ ಪುಟ ತೆರೆಯಬೇಕಾದವರು ಮಾತ್ರ ಕೆಂಪು ಪರದೆಯ ಮುಂದೆ ಉಳಿದರು.

ಇಂಟರ್ನೆಟ್ ಮೊದಲಿಗಿಂತ ನಿಧಾನವಾಯಿತು. ಮದುವೆಯ ವಿಡಿಯೊ ಇನ್ನೂ ಏರುತ್ತಲೇ ಇತ್ತು.

ನಮ್ಮ ಮನೆ ಬಾಗಲಗುಂಟೆಯಲ್ಲಿ. ಗಂಡನ ಮನೆಯವರು ಅಲ್ಲಿಯ ಹಳಬರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳು ಒಂದರ ಮೇಲೊಂದು ಬೆಳೆದಿವೆ. ಮೇಲಿನ ರೂಮೊಂದರಲ್ಲಿ ಯಾದಗಿರಿ ಕಡೆಯ ಒಂದು ಸಂಸಾರವಿದೆ. ಗಂಡ ನಮ್ಮ ಕಾರ್ಖಾನೆಯಲ್ಲೇ ಥ್ರೆಡ್ ಹಾಕುವ ಯಂತ್ರ ನಡೆಸುತ್ತಾನೆ, ಮಗಳು ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ. ಅವನೂ ನಾನೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡುವವರು. ಮೆಟ್ಟಿಲಲ್ಲಿ ಸಿಕ್ಕರೆ "ಹೊಂಟ್ರೇನ್ರೀ ಅಕ್ಕಾರ" ಎಂದು ನಕ್ಕು ಮುಂದೆ ಹೋಗುತ್ತಿದ್ದ. ಆ ವಾರ ನಗುವುದನ್ನು ನಿಲ್ಲಿಸಿದ. ನನ್ನ ಚಪ್ಪಲಿಯ ಸದ್ದು ಕೇಳಿದರೆ ಮೇಲೆಯೇ ನಿಂತುಬಿಡುತ್ತಿದ್ದ. ನನಗೆ ಗೊತ್ತಾಗಿರಲಿಲ್ಲ, ಅತ್ತೆಗೆ ಗೊತ್ತಾಯಿತು.

"ಮ್ಯಾಲ್ಗಡೆಯವ್ನು ನಿನ್ ಕಂಡ್ರೆ ಪೊಲೀಸ್ರನ್ನ ಕಂಡಂಗೆ ಬಚ್ಚಿಟ್ಕೊಂತಾನಲ್ಲ. ಏನಂದೆ ಅವ್ನಿಗೆ?"

ಏನೂ ಅಂದಿರಲಿಲ್ಲ. ಸಂಜೆ ಅತ್ತೆಯೇ ಕೆಳಗಿನಿಂದ ಕೂಗಿ ಅವನನ್ನು ಕರೆಸಿದರು. ಜಗಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ. ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತ.

"ಅಕ್ಕಾರ, ನಾ ಏನೂ ಹೊಲಸು ನೋಡಿಲ್ರೀ. ನನ್ ಮಗಳ ಆಣಿ ಮಾಡಿ ಹೇಳ್ತೀನ್ರೀ."

"ಹೊಲಸು ನೋಡಿದ್ದೀರಿ ಅಂತ ಯಾರಂದ್ರು?"

"ಆ ಕಂಪ್ಯೂಟರ್ ಅಂತೈತ್ರೀ. ಕೆಂಪಗ ಬಂತ್ರೀ. ಹೊಲಸು ನೋಡಿದವ್ರಿಗೆ ಹಂಗ ಬರತೈತಂತ ಮಂದಿ ಅಂತಾರ್ರೀ. ನನಗ ಇಂಗ್ಲಿಷ್ ಬರಂಗಿಲ್ಲ, ಮಗಳಿಗೆ ಫೋಟೊ ಹೊಡದು ತೋರಿಸಿದೆ. ಆಕಿ ಓದಿ ಅಳಾಕ ಹತ್ತಿದ್ಳ್ರೀ. ಅಪ್ಪಾ, ನೀನು ತಪ್ಪು ಮಾಡೀದಿ, ನಿನ್ನ ಮ್ಯಾಲ ಕ್ರಮ ತಗೋತಾರಂತ ಬರದಾರ ಅಂದ್ಳು."

ಅವನು ತೆರೆಯಲು ಹೋದದ್ದು ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದ ಪುಟ. ಮೊಬೈಲಿನಲ್ಲಿ ಅಂಕಪಟ್ಟಿ ಏರಿಸಲು ಹೋದರೆ ನಡುವೆಯೇ ನಿಲ್ಲುತ್ತಿತ್ತಂತೆ. ಕ್ಯಾಂಟೀನಿನ ಕಂಪ್ಯೂಟರಿನಲ್ಲಿ ಸರಿಯಾಗಿ ಆಗುತ್ತದೆ ಎಂದು ಯಾರೋ ಹೇಳಿದ್ದರು. ಆ ಪುಟದ ಯಾವುದೋ ಮೂಲೆಯಲ್ಲಿ ಕಾರ್ಮಿಕ ಸಂಘಗಳ ಬಗ್ಗೆ ಒಂದು ಸೂಚನೆ ಇದ್ದಿರಬೇಕು. ಪ್ರಾಕ್ಸಿ ಅದನ್ನು ಓದಿ ತನ್ನ ಕೆಲಸ ಮಾಡಿತ್ತು. ನಾನು ಮಾಡಿಟ್ಟ ಯಂತ್ರ, ನಾನು ಕೂಡಿಸಿದ ಪದ, ಬೇರೆಯವರ ಇಂಗ್ಲಿಷು. ಓದಿ ಅತ್ತದ್ದು ಮಾತ್ರ ಆ ಹುಡುಗಿ.

"ನಿಮ್ಮದು ಏನೂ ತಪ್ಪಿಲ್ಲ. ಯೂನಿಯನ್ ಅನ್ನೋ ಪದ ಇದ್ರೆ ಅದು ತಡೆಯುತ್ತೆ, ಅಷ್ಟೇ" ಎಂದೆ.

ಅವನು ಟವೆಲ್ ಹಿಂಡುವುದನ್ನು ಬಿಟ್ಟ. "ಯೂನಿಯನ್ನಾ? ದಿನಾ ಅದರದೇ ಥ್ರೆಡ್ ಹೊಡೀತೀನಲ್ರೀ ಅಕ್ಕಾರ!"

ಅತ್ತೆಗೆ ಅದು ಅರ್ಥವಾಗದಿದ್ದರೂ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಮಗಳನ್ನು ಕರೆಸಿ, ನನ್ನ ಲ್ಯಾಪ್‌ಟಾಪಿನಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಅರ್ಜಿ ತುಂಬಿಸಿದೆವು. ಹೋಗುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ್ದು ನನ್ನ ನಿದ್ದೆ ಕೆಡಿಸಿತು.

"ನಾನೊಬ್ಬನ ಅಲ್ರೀ. ಕೆಂಪಗ ಬಂದವ್ರು ಭಾಳ ಮಂದಿ ಅದಾರ. ಯಾರೂ ಬಾಯಿ ಬಿಡವಲ್ರು. ಈಗ ಆ ಮೂಲಿಗೆ ಯಾರೂ ಹೋಗಂಗಿಲ್ರೀ."

ಮರುದಿನ ಜನರಲ್ ಮ್ಯಾನೇಜರರಿಗೆ ಹೇಳಿದೆ. ಕ್ಯಾಂಟೀನಿನ ಕಂಪ್ಯೂಟರಿನ ಮುಂದೆ ಈಗ ಯಾರೂ ಕೂರುತ್ತಿಲ್ಲ ಎಂಬುದನ್ನು ಕೇಳಿ ಅವರ ಮುಖ ಅರಳಿತು. "ನೋಡಿದ್ರಾ? ಫಿಲ್ಟರ್ ಕೆಲಸ ಮಾಡ್ತಿದೆ."

ಅವರನ್ನು ಮಾತಿನಲ್ಲಿ ಗೆಲ್ಲುವುದು ಆಗದ ಕೆಲಸ ಎಂದು ಅಂದೇ ಖಾತ್ರಿಯಾಯಿತು. ಆದರೆ ಅವರ ಫಿಲ್ಟರ್ ಅವರಿಗಿಂತ ಪ್ರಾಮಾಣಿಕ. ಅದು ಹೇಳಿದ್ದನ್ನೇ ಮಾಡಿತು.

ನಮ್ಮ ದೊಡ್ಡ ಗಿರಾಕಿಯೊಬ್ಬರು ತಮ್ಮ ಆರ್ಡರುಗಳನ್ನು ತಮ್ಮದೇ ಜಾಲತಾಣದಲ್ಲಿ ಹಾಕುತ್ತಾರೆ. ಅದು ಮೊಬೈಲನ್ನು ಒಳಗೆ ಬಿಡದು. ನಾವು ಕಾರ್ಖಾನೆಯ ಕಂಪ್ಯೂಟರಿನಿಂದಲೇ ಅಲ್ಲಿಗೆ ಹೋಗಿ ಅಂದೇ ಒಪ್ಪಿಗೆ ಒತ್ತಬೇಕು, ಇಲ್ಲವಾದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ. ಆ ವಾರದ ಆರ್ಡರು ಉಕ್ಕಿನ ಯೂನಿಯನ್‌ಗಳಿಗೆ. ವಿನಾಯಿತಿ ಇದ್ದ ಸೇಲ್ಸ್ ಹೆಡ್ ಸಂಸಾರ ಸಮೇತ ತಿರುಪತಿಯ ಸಾಲಿನಲ್ಲಿ ನಿಂತಿದ್ದರು, ಫೋನು ಹೊರಗೆ ಲಾಕರಿನಲ್ಲಿ. ಸಹಾಯಕಿಯ ಕಂಪ್ಯೂಟರಿನಲ್ಲಿ ಆ ಪುಟ ಕೆಂಪಾಯಿತು. ಅವಳು ನನಗೆ ಫೋನ್ ಮಾಡಿದಳು. ಅವಳಿಗಾಗಿ ನಿಯಮ ಬದಲಿಸಲು ಜನರಲ್ ಮ್ಯಾನೇಜರರ ಒಪ್ಪಿಗೆ ಬೇಕೆಂದು ಅವರೇ ಆದೇಶ ಹೊರಡಿಸಿದ್ದರು. ಅವಳೇ ಅವರ ಕೋಣೆಗೆ ಓಡಿದಳು. ಅವರು ತಮ್ಮಲ್ಲಿ ಆ ಜಾಲತಾಣದ ಮುಖಪುಟ ತೆರೆದು, ಬರುತ್ತಿದೆಯಲ್ಲ ಎಂದರು. ಹಾಗಾದರೆ ನಿಮ್ಮ ಕಂಪ್ಯೂಟರಿನಿಂದಲೇ ಒಪ್ಪಿಗೆ ಒತ್ತಿಬಿಡುತ್ತೇನೆ ಎಂದಳು. ತಮ್ಮ ಕುರ್ಚಿಯಲ್ಲಿ ಬೇರೆಯವರು ಕೂರುವುದು ಅವರಿಗೆ ಆಗದು. ನಾಳೆ ಸೇಲ್ಸ್ ಹೆಡ್ ಬರಲಿ ಎಂದು ಕಳಿಸಿದರು.

ಸಂಜೆ ಆ ಆರ್ಡರು ಬಾವುಟ ನೆಟ್ಟ ಪಕ್ಕದ ರಸ್ತೆಯ ಕಾರ್ಖಾನೆಗೆ ಹೋಯಿತು.

ಮರುದಿನ ಬೆಳಿಗ್ಗೆ ಸಭೆ. ದೊಡ್ಡ ಯಜಮಾನರು, ಚಿಕ್ಕ ಯಜಮಾನರು, ಜನರಲ್ ಮ್ಯಾನೇಜರರು, ಸಹಾಯಕಿ, ನಾನು. ದೊಡ್ಡ ಯಜಮಾನರು ಲೇತ್ ಮೇಲೆ ಕೈ ಕಪ್ಪು ಮಾಡಿಕೊಂಡು ಬೆಳೆದವರು, ಕೋಪ ಬಂದರೆ ಮೇಜಿನ ಮೇಲೆ ಬೆರಳಲ್ಲಿ ಬಡಿಯುತ್ತಾರೆ. ಅಂದು ಬಡಿಯುತ್ತಲೇ ಒಳಗೆ ಬಂದರು.

"ನನ್ನ ಕಂಪ್ಯೂಟರಲ್ಲಿ ಎಲ್ಲ ಬರ್ತಿತ್ತು ಸಾರ್, ಇವರ ಕಂಪ್ಯೂಟರೇ ಏನೋ ಪ್ರಾಬ್ಲಂ" ಎಂದು ಜನರಲ್ ಮ್ಯಾನೇಜರರು ಶುರುಮಾಡಿದರು.

"ಬರ್ತಿದ್ರೆ ಯಾಕ್ರೀ ಒತ್ತಲಿಲ್ಲ?" ಎಂದು ಯಜಮಾನರು ಎದ್ದು, ಸಭೆಯ ಕೋಣೆಯಲ್ಲಿದ್ದ ಕಂಪ್ಯೂಟರಿನ ಮುಂದೆ ತಾವೇ ಕುಳಿತರು. ಆ ಕಂಪ್ಯೂಟರ್ ಯಾರ ಹೆಸರಿನಲ್ಲೂ ಇಲ್ಲ, ಹಾಗಾಗಿ ಅದಕ್ಕೆ ಯಾರೂ ವಿನಾಯಿತಿ ಕೇಳಿರಲಿಲ್ಲ. ನಮ್ಮದೇ ಜಾಲತಾಣದಲ್ಲಿ ಯೂನಿಯನ್‌ಗಳ ಪುಟದ ವಿಳಾಸ ಹಾಕಿದರು. ಗೋಡೆಯ ದೊಡ್ಡ ಪರದೆಯ ತುಂಬಾ ಕೆಂಪು ಬಂತು. ಅವರು ಕನ್ನಡಕ ಏರಿಸಿಕೊಂಡು, ತಮ್ಮ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂಬಲ್ಲಿಯವರೆಗೆ ನಿಧಾನವಾಗಿ ಗಟ್ಟಿಯಾಗಿ ಓದಿದರು. ಆಮೇಲೆ ಕೆಳಗಿನ ಪದ.

"ಏನ್ರೀ ಇದು? ಯೂನಿಯನ್ ಹಾಕಿದ್ದು ಯಾರು?"

ಜನರಲ್ ಮ್ಯಾನೇಜರರು ಕುರ್ಚಿಯಿಂದ ಎದ್ದು ನಿಂತರು.

"ಯೂನಿಯನ್ನಾ? ನಮ್ಮಲ್ಲಾ? ಇಲ್ಲ ಸಾರ್! ಪಕ್ಕದ ರಸ್ತೇಲಿ ಹಾಕಿದ್ದಾರೆ ಅಷ್ಟೇ. ಅವತ್ತಿಂದ ನಾನು ಗೇಟಲ್ಲೇ ಕಣ್ಣಿಟ್ಟಿದ್ದೀನಿ."

"ಗೇಟಲ್ಲಲ್ಲ ರೀ, ಕಂಪ್ಯೂಟರಲ್ಲಿ!"

"ಕಂಪ್ಯೂಟರ್‌ನವರು ಹಾಕಿದ್ದಾರಾ?" ಎಂದು ಅವರು ನನ್ನ ಕಡೆ ತಿರುಗಿದರು.

ಕಂಪ್ಯೂಟರ್ ವಿಭಾಗದಲ್ಲಿ ನಾನೊಬ್ಬಳೇ. ಸಂಘ ಕಟ್ಟಿದ್ದರೆ ಅಧ್ಯಕ್ಷೆ, ಕಾರ್ಯದರ್ಶಿ, ಬಾವುಟ ಹಿಡಿಯುವವಳು ಎಲ್ಲ ನಾನೇ ಆಗಬೇಕಿತ್ತು. ಸಹಾಯಕಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಎದ್ದು, ಪ್ರಾಕ್ಸಿ ಏನು ಮಾಡುತ್ತದೆ, ನಿಯಮಗಳನ್ನು ಹೇಗೆ ಓದುತ್ತದೆ, ಯಾವ ಪದ ಯಾರು ಹೇಳಿದ್ದಕ್ಕೆ ಸೇರಿತು, ಬಿಡು ಎಂಬ ನಿಯಮ ಯಾಕೆ ಕೆಳಗೆ ಹೋಯಿತು, ಒಂದೊಂದಾಗಿ ಹೇಳಿದೆ. ಆಮಂತ್ರಣ ಪತ್ರಿಕೆಯ ಮಾತನ್ನೂ ಬಿಡಲಿಲ್ಲ. ಹೇಳುವಾಗ ನನಗೆ ಸಂತೋಷವಾಗುತ್ತಿತ್ತು, ಸುಳ್ಳೇಕೆ.

ದೊಡ್ಡ ಯಜಮಾನರ ಬೆರಳು ನಿಂತಿತು. "ನಮ್ಮ ಸಾಮಾನಿನ ಹೆಸರೆಲ್ಲ ಬಿಟ್ಬಿಡಿ. ಈಗ್ಲೇ."

"ಎಲ್ಲಾನೂನಾ ಸಾರ್?" ಜನರಲ್ ಮ್ಯಾನೇಜರರು ದನಿ ತಗ್ಗಿಸಿದರು. "ಆ ಇನ್ನೊಂದು ಇದೆಯಲ್ಲ... ಅದೂ?"

"ಯಾವ ಇನ್ನೊಂದು?"

ಅವರು ನನ್ನನ್ನು ನೋಡಿದರು, ಸಹಾಯಕಿಯನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

"ನಿಪ್ಪಲ್ಲಾ? ನಮ್ಮಪ್ಪ ಅದನ್ನ ಸೈಕಲ್ ಮೇಲೆ ಹೊತ್ಕೊಂಡ್ ಹೋಗಿ ಮಾರೇ ಕಣ್ರೀ ಈ ಶೆಡ್ ಕಟ್ಟಿದ್ದು!"

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಯಜಮಾನರೇ ಇನ್ನೊಂದು ಮಾತು ಸೇರಿಸಿದರು. "ಆ ಯೂನಿಯನ್ ಮಾತ್ರ ಕ್ಯಾಂಟೀನಲ್ಲಿ ಬೇಡ. ಬೇರೆ ಕಡೆ ಇರ್ಲಿ." ಸೈಕಲ್ ಮೇಲೆ ಮಾಲು ಹೊತ್ತವರ ಮಗ ಹೀಗೆಂದರು. ನನಗೆ ಮೇಲಿನ ರೂಮಿನ ಹುಡುಗಿ ಫೋಟೊದಲ್ಲಿ ಇಂಗ್ಲಿಷ್ ಓದಿ ಅತ್ತದ್ದು ನೆನಪಾಯಿತು. ಅದನ್ನು ಅಲ್ಲಿ ಹೇಳಿದ್ದರೆ ಒಂದು ನಿಮಿಷ ಅಯ್ಯೋ ಎಂದು, ಆ ಹುಡುಗಿಗೆ ಒಂದು ಪೆನ್ನು ಕೊಡಿಸಿ, ನಿಯಮವನ್ನು ಹಾಗೇ ಬಿಡುತ್ತಿದ್ದರು. ಅದಕ್ಕೆ ಚಿಕ್ಕ ಯಜಮಾನರ ಕಡೆ ತಿರುಗಿದೆ.

"ಸಾರ್, ಆಪರೇಟರ್‌ಗಳು ಕ್ಯಾಂಟೀನ್ ಕಂಪ್ಯೂಟರಲ್ಲೇ ಡ್ರಾಯಿಂಗ್ ನೋಡ್ಬೇಕು ಅಂತ ನೀವೇ ಆಯುಧಪೂಜೆ ದಿನ ಹೇಳಿದ್ರಲ್ಲ, ಡಿಜಿಟಲ್ ಶಾಪ್ ಫ್ಲೋರ್ ಅಂತ? ಯೂನಿಯನ್ ತಡೆದ್ರೆ ಅರ್ಧ ಡ್ರಾಯಿಂಗ್ ಬರಲ್ಲ."

ಅವರು ಹಾಗೆ ಭಾಷಣ ಮಾಡಿದ್ದು ನಿಜ. ಕೇಳಿಸಿಕೊಂಡವರು ಒಬ್ಬರಾದರೂ ಇದ್ದಾರೆ ಎಂದು ತಿಳಿದು ಅವರು ಕುರ್ಚಿಯಲ್ಲಿ ನೆಟ್ಟಗಾದರು. "ಹೌದಪ್ಪಾ, ಅದು ನನ್ನ ವಿಷನ್. ಕ್ಯಾಂಟೀನಲ್ಲೂ ಇರ್ಲಿ." ಅಪ್ಪ ಕೈ ಬೀಸಿ ಎದ್ದುಹೋದರು.

ಅಂದು ಮಧ್ಯಾಹ್ನ ನಿಯಮಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿದೆ. ಕೆಂಪು ಪುಟ ಬದಲಿಸು ಎಂದು ಯಾರೂ ಹೇಳಿರಲಿಲ್ಲ. ನಾನೇ ತೆಗೆದು ಕನ್ನಡದಲ್ಲಿ ಬರೆದೆ: ಈ ಪುಟ ಇಲ್ಲಿ ತೆರೆಯುವುದಿಲ್ಲ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ, ಬೇಕಿದ್ದರೆ ಸಿಸ್ಟಂ ವಿಭಾಗಕ್ಕೆ ಹೇಳಿ. ವಿನಾಯಿತಿ ಇದ್ದವರು ಯಾರೂ ಆ ಪುಟವನ್ನು ಎಂದೂ ನೋಡುವುದಿಲ್ಲವಾದ್ದರಿಂದ ಇವತ್ತಿಗೂ ಯಾರೂ ಕೇಳಿಲ್ಲ. ಕ್ಯಾಂಟೀನಿಗೆ ಹೋಗಿ, ಈಗ ಹೆದರಬೇಡಿ ಎಂದು ನಾನು ಹೇಳುವುದಕ್ಕಿಂತ ಥ್ರೆಡ್ ಯಂತ್ರದವನು ಹೇಳುವುದು ಮೇಲೆಂದು ಅವನಿಗೇ ಒಪ್ಪಿಸಿದೆ. ಎರಡು ಪಾಳಿಗೂ ಸುದ್ದಿ ಮುಟ್ಟಿಸಿದ. ಮೊದಮೊದಲು ಗೋಡೆಗೆ ಒರಗಿ ದೂರದಿಂದ ನೋಡಿದರು, ಆಮೇಲೆ ಸಾಲು ಶುರುವಾಯಿತು.

ಜನರಲ್ ಮ್ಯಾನೇಜರರಿಗೆ ಏನೂ ಆಗಲಿಲ್ಲ. ಗಿರಾಕಿಯ ಕಡೆಯವರು ತಪಾಸಣೆಗೆ ಬಂದಾಗ, ಕೆಲಸಗಾರರ ಇಂಟರ್ನೆಟ್ ಬಳಕೆಯ ಮೇಲೆ ನಿಯಂತ್ರಣವಿದೆಯೇ ಎಂದು ಕೇಳಿದರು. ಇವರು ಅರ್ಧ ಗಂಟೆ ಮಾತನಾಡಿದರು. ಅದಕ್ಕೊಂದು ಪ್ರಶಸ್ತಿಪತ್ರ ಬಂತು, ಅದು ಈಗ ಅವರ ಕೋಣೆಯಲ್ಲಿ ದೇವರ ಫೋಟೊದ ಪಕ್ಕದಲ್ಲಿ ಹೂವಿನ ಹಾರದ ಸಮೇತ ಇದೆ.

ವಿದ್ಯಾರ್ಥಿವೇತನ ಮಂಜೂರಾದ ದಿನ ಮೇಲಿನ ರೂಮಿನ ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ಹೇಳಿದಳು. ಅವಳಮ್ಮ ಶೇಂಗಾ ಹೋಳಿಗೆ ಕಳಿಸಿದ್ದರು. ಅತ್ತೆ ಎರಡು ತಿಂದು, ಬೆಲ್ಲ ಸ್ವಲ್ಪ ಮುಂದಾಯಿತು ಎಂದು ಮೂರನೆಯದನ್ನು ತೆಗೆದುಕೊಂಡರು.

ಮೊನ್ನೆ ಜನರಲ್ ಮ್ಯಾನೇಜರರು ಮತ್ತೆ ಕರೆದರು. ಕ್ಯಾಂಟೀನಿನ ಕಂಪ್ಯೂಟರಿನ ಮುಂದೆ ಜನ ಜಾಸ್ತಿಯಾಗಿದ್ದಾರೆ, ಏನು ಮಾಡುತ್ತಾರೋ ತಿಳಿಯುತ್ತಿಲ್ಲ, ಮೇಲೊಂದು ಕ್ಯಾಮೆರಾ ಹಾಕಿ ಎಂದರು.

"ಹಾಕೋಣ ಸಾರ್. ಅದನ್ನ ಕೂತು ನೋಡೋದಕ್ಕೆ ಒಬ್ರು ಬೇಕಲ್ಲ?"

ಅವರು ಯೋಚಿಸಿದರು. "ನೀವೇ ನೋಡ್ಕೊಳ್ಳಿ ಅಮ್ಮಾ."

ಈಗ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಮೇಲೆ ಆ ಚಿತ್ರ ತೆರೆದುಕೊಂಡಿರುತ್ತದೆ. ಒಬ್ಬ ಒಂದೇ ಬೆರಳಲ್ಲಿ ತನ್ನ ಮಗನ ಹೆಸರು ಹುಡುಕಿ ಹುಡುಕಿ ಒತ್ತುತ್ತಿರುತ್ತಾನೆ, ಹಿಂದೆ ಮೂರು ಜನ ತಟ್ಟೆ ಹಿಡಿದು ನಿಂತು ಮೂರು ಥರದ ಸ್ಪೆಲ್ಲಿಂಗ್ ಹೇಳುತ್ತಿರುತ್ತಾರೆ.